ಹುಲಗಲದ ಹೂ ಎಣಿಸಿದವರು

ಬಾಯಿ ತೀರಿಕೊಂಡರೆಂದು ವಿಜಾಪುರ ರಸ್ತೆಯ ಅವರ ಮನೆಯಿಂದ ಫೋನು ಬಂದಾಗ ನಾನು ಶೇಂಗಾ ಹುರಿಯುತ್ತಿದ್ದೆ. ತೊಂಬತ್ತು ದಾಟಿದ ಜೀವ, ಆರು ತಿಂಗಳಿಂದ ಹಾಸಿಗೆ ಹಿಡಿದಿತ್ತು. ಬೆಚ್ಚಿ ಬೀಳುವಂಥ ಸುದ್ದಿಯೇನಲ್ಲ. ಆದರೂ ಫೋನು ಇಟ್ಟ ಮೇಲೆ ಒಲೆ ಆರಿಸುವುದು ನೆನಪಾಗಲಿಲ್ಲ. ಶೇಂಗಾ ಸೀದು ಹೊಗೆ ನಡುಮನೆಗೆ ಬಂದಾಗ ಸೊಸೆ ಓಡಿಬಂದು, ಯಾರು ಹೋದರು ಎಂದು ಕೇಳಿದಳು. ಏನೆಂದು ಹೇಳುವುದು? ಅವರು ನನಗೆ ಬಂಧುವಲ್ಲ, ಗುರುವಲ್ಲ, ನನ್ನ ವಿಷಯದವರೂ ಅಲ್ಲ. ‘ನಮ್ಮ ಕಾಲೇಜಿನ ಬಾಯಿ’ ಎಂದಷ್ಟೇ ಹೇಳಿ ಸೀರೆ ಬದಲಿಸಲು ಹೋದೆ.

ಸೋಲಾಪುರದಲ್ಲಿ ಪಾಠ ಹೇಳುವ ಹೆಂಗಸರನ್ನು ಬಾಯಿ ಎನ್ನುತ್ತಾರೆ. ಮರಾಠಿಯ ಮಾತು ಅದು. ಮನೆಯಲ್ಲಿ ಕನ್ನಡ ಆಡುವ ನಾವೂ ಅದನ್ನೇ ಹಿಡಿದು ‘ಬಾಯಾರ’ ಎಂದು ಕರೆಯುತ್ತಿದ್ದೆವು. ಕಾಲೇಜಿನಲ್ಲಿ ಅಂಥ ಬಾಯಿಗಳು ಐದು ಮಂದಿ ಇದ್ದೆವು. ಆದರೆ ಹಿಂದೆ ಮುಂದೆ ಹೆಸರಿಲ್ಲದೆ ಬರೀ ಬಾಯಿ ಎಂದರೆ ಸಸ್ಯಶಾಸ್ತ್ರದ ಅವರೊಬ್ಬರೇ. ಆ ಶಬ್ದಕ್ಕೆ ಕನ್ನಡದಲ್ಲಿರುವ ಅರ್ಥವನ್ನು ನೆನೆದು ನಾವು ನಗುವುದಿತ್ತು, ಏಕೆಂದರೆ ಅಷ್ಟು ಕಡಿಮೆ ಮಾತಿನ ಮನುಷ್ಯರು ಇಡೀ ಕಾಲೇಜಿನಲ್ಲಿ ಇನ್ನೊಬ್ಬರಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ, ಈ ವರ್ಷ ಮಾವು ಬಹಳವಂತೆ, ಜೋಳಕ್ಕೆ ರೋಗ ಬಿದ್ದಿದೆಯಂತೆ ಎಂದರೆ ಅವರು ತಲೆ ಎತ್ತಿ ಕೇಳುವುದು ಒಂದೇ ಮಾತು: ‘ನೀವು ನೋಡಿದ್ರ್ಯಾ?’ ಇಲ್ಲ ಎಂದರೆ ಮತ್ತೆ ತಲೆ ತಗ್ಗಿಸುವರು. ನೋಡಿದೆ ಎಂದರೆ ಮಾತ್ರ ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳುವರು.

ನಾನು ಅದೇ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮದು ಕಾಳುಕಡಿ ವ್ಯಾಪಾರದ ಮನೆ; ಅಂಕಿಗಳ ನಡುವೆ ಬೆಳೆದವಳು ಎಂಬ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು. ಒಂದು ಮಧ್ಯಾಹ್ನ ಬಾಯಿ ತಾವಾಗಿಯೇ ನಮ್ಮ ವಿಭಾಗಕ್ಕೆ ಬಂದರು. ಇಳಕಲ್ ಸೀರೆ, ಎಡಗೈಗೆ ಗಂಡಸರ ದೊಡ್ಡ ಗಡಿಯಾರ, ಕಾಲಿಗೆ ಬಿಳಿ ಕ್ಯಾನ್‌ವಾಸ್ ಬೂಟು. ಕರವಸ್ತ್ರವೊಂದನ್ನು ನನ್ನ ಮೇಜಿನ ಮೇಲೆ ಬಿಚ್ಚಿದರು. ಒಳಗೆ ಬಾಡಿದ ಸಣ್ಣ ಸಣ್ಣ ಹೂಗಳು, ಬಿಳುಪಿನಲ್ಲಿ ತುಸು ನೇರಳೆ ಬೆರೆತವು.

‘ನೀವು ಲೆಕ್ಕದವ್ರಲ್ಲರಿ? ಒಂದು ಗಿಡದಾಗ ಎಷ್ಟು ಹೂ ಎಣಿಸಿದ್ರ ನಂಬಬಹುದು?’

ನಾನು ಪುಸ್ತಕದ ಉತ್ತರ ಹೇಳಿದೆ. ಅವರು ಸಮಾಧಾನದಿಂದ ಪೂರ್ತಿ ಕೇಳಿ, ಬರುವ ಭಾನುವಾರ ಬಿಡುವಿದ್ದರೆ ಗಿಡವನ್ನೇ ಒಮ್ಮೆ ನೋಡಿಬಿಡಿ, ಆಮೇಲೆ ಮತ್ತೆ ಹೇಳಿ ಎಂದರು.

ಆ ಗಿಡಗಳು ಅಕ್ಕಲಕೋಟೆಗೆ ಎರಡು ಮೈಲಿ ಈಚೆ ರಸ್ತೆಯ ಬದಿಗಿದ್ದವು. ಪುಸ್ತಕದ ಕನ್ನಡದಲ್ಲಿ ಹೊಂಗೆ, ಮರಾಠಿಯಲ್ಲಿ ಕರಂಜ, ಹಳ್ಳಿಯವರ ಮಾತಿನಲ್ಲಿ ಹುಲಗಲ. ಬೀಜದಿಂದ ಎಣ್ಣೆ ತೆಗೆಯುತ್ತಾರೆ; ದೀಪಕ್ಕೆ, ತುರಿಕಜ್ಜಿಗೆ, ಎತ್ತಿನ ಹೆಗಲಿನ ಹುಣ್ಣಿಗೆ, ಸಾಬೂನಿನ ಕಾರಖಾನೆಗೆ. ಬಾಯಿಯ ತವರು ಮಂಗಳವೇಢೆಯ ಕಡೆಯ ಮರವಡೆ; ಅಲ್ಲಿ ಅವರ ಮನೆಯಲ್ಲಿ ಗಾಣವಿತ್ತು. ಬೇಸಿಗೆ ಶುರುವಾದರೆ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ಹುಲಗಲದ ಬೀಜ ಹೊತ್ತು ತರುವರು. ಒಂದು ವರ್ಷ ಅಂಗಳ ತುಂಬ, ಇನ್ನೊಂದು ವರ್ಷ ನಾಲ್ಕೇ ಬುಟ್ಟಿ. ಹೂ ಮಾತ್ರ ಪ್ರತಿ ವರ್ಷವೂ ನೆಲ ಮುಚ್ಚುವಷ್ಟು. ಇಷ್ಟೆಲ್ಲ ಹೂವು ಹೋಗುವುದೆಲ್ಲಿಗೆ ಎಂದು ಅವರ ಅವ್ವ ಅಂಗಳದಲ್ಲಿ ನಿಂತು ಪ್ರತಿ ಬೇಸಿಗೆ ಕೇಳುತ್ತಿದ್ದಳಂತೆ. ಮಗಳು ಓದಿದಳು, ಸೋಲಾಪುರದ ಚಾದರದ ವ್ಯಾಪಾರಿಯೊಬ್ಬರನ್ನು ಮದುವೆಯಾದಳು, ಕಾಲೇಜಿನಲ್ಲಿ ಪಾಠ ಹೇಳಲು ಸೇರಿದಳು. ಐವತ್ತರ ಹತ್ತಿರ ಬಂದಾಗ ಪುಣೆಯ ಪ್ರಾಧ್ಯಾಪಕರೊಬ್ಬರಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿ ಅವ್ವನ ಪ್ರಶ್ನೆಯನ್ನೇ ವಿಷಯವಾಗಿ ತೆಗೆದುಕೊಂಡರು: ಹುಲಗಲದ ಮೊಗ್ಗು ಹೂವಾಗಿ ಕಾಯಾಗುವವರೆಗೆ ಏನೇನಾಗುತ್ತದೆ, ಎಲ್ಲಿ ನಷ್ಟವಾಗುತ್ತದೆ.

ನಾನು ಮೊದಲ ಸಲ ಹೋದ ಭಾನುವಾರ ಬಾಯಿಯ ಯಜಮಾನರೂ ಬಂದಿದ್ದರು. ಅವರ ಸ್ಕೂಟರಿನ ಹಿಂದೆಯೇ ಬಾಯಿ ಕೂತು ಬರುತ್ತಿದ್ದದ್ದು. ಪಕ್ಕದ ಹೊಲದವರ ಏಣಿಯನ್ನು ಮರಕ್ಕೆ ಆನಿಸಿ, ಅದರ ಕಾಲನ್ನು ಹಿಡಿದುಕೊಂಡು ಯಜಮಾನರು ಕೆಳಗೆ ಕೂತು ಮರಾಠಿ ಪೇಪರು ಓದುವರು. ಮೇಲಿನಿಂದ ಬಾಯಿ ಅಂಕಿ ಹೇಳಿದರೆ ಪೇಪರಿನ ಅಂಚಿನಲ್ಲಿಯೇ ಗೀಚಿಕೊಳ್ಳುವರು. ಹನ್ನೆರಡು ಗಿಡ, ಪ್ರತಿ ಗಿಡಕ್ಕೆ ಬಣ್ಣದ ದಾರ ಕಟ್ಟಿದ ನಾಲ್ಕು ಟೊಂಗೆ. ಎಷ್ಟು ಮೊಗ್ಗು, ಎಷ್ಟು ಅರಳಿದವು, ಎಷ್ಟು ಉದುರಿದವು, ಉದುರಿದ್ದರಲ್ಲಿ ತೊಟ್ಟಿನ ಸಮೇತ ಬಿದ್ದವೆಷ್ಟು, ತೊಟ್ಟು ಬಿಟ್ಟು ಬಿದ್ದವೆಷ್ಟು. ನಾನು ಹೊತ್ತೇರುವವರೆಗೆ ನೋಡಿ, ಮಧ್ಯಾಹ್ನ ಖಡಕ್ ರೊಟ್ಟಿ ಶೇಂಗಾ ಚಟ್ನಿ ತಿನ್ನುವಾಗ, ಪುಸ್ತಕದಿಂದ ಹೇಳಿದ ಉತ್ತರವನ್ನು ಹಿಂತೆಗೆದುಕೊಂಡೆ. ಬಾಯಿ ನಕ್ಕರು. ಆ ದಿನದಿಂದ ಅವರ ಸರಾಸರಿಗಳನ್ನು ತೆಗೆದುಕೊಡುವ ಕೆಲಸ ನನ್ನದಾಯಿತು.

ಎಣಿಕೆ ಬರೆದಿಡುವ ಅವರ ವಹಿಯ, ಆ ದಪ್ಪ ನೋಟುಬುಕ್ಕಿನ, ಬಗ್ಗೆ ಹೇಳಬೇಕು. ಅಂಕಿ ಇಂಗ್ಲಿಷಿನಲ್ಲಿ, ಗಿಡದ ವಿವರ ಮರಾಠಿಯಲ್ಲಿ, ದಾರಿಯಲ್ಲಿ ಸಿಕ್ಕ ಜನ ಹೇಳಿದ ಮಾತು ಕನ್ನಡದಲ್ಲಿ. ನಾನು ಓದಿದ್ದು ಮರಾಠಿ ಸಾಲೆಯಲ್ಲಿ. ಕನ್ನಡ ನನ್ನ ನಾಲಿಗೆಗೆ ಬರುತ್ತಿತ್ತೇ ಹೊರತು ಕಣ್ಣಿಗೆ ಬರುತ್ತಿರಲಿಲ್ಲ. ಆ ವಹಿಯ ಅಂಚುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತ ನಾನು ಕನ್ನಡ ಓದಲು ಕಲಿತೆ. ಕುರಿ ಕಾಯುವವರು, ಬೀಜ ಆಯುವವರು, ಬಸ್ಸಿನ ಕಂಡಕ್ಟರು, ಯಾರು ಏನು ಹೇಳಿದರೂ ಅವರದೇ ಮಾತಿನಲ್ಲಿ ಬರೆದಿರುತ್ತಿದ್ದರು. ಪಕ್ಕದಲ್ಲಿ ‘ನೋಡಬೇಕು’ ಎಂದು ಒಂದು ಗುರುತು.

ಎಪ್ಪತ್ತೆರಡರ ಬರ ಬಂದು ಅದರ ಮರುಬೇಸಿಗೆಯಲ್ಲಿ ನಾನು ಹೇಳಬೇಕಾದ ಸಂಗತಿ ನಡೆಯಿತು. ಬಾವಿಗಳು ಬತ್ತಿದ್ದವು, ಹೊಲದಲ್ಲಿ ಹಸಿರೆಂಬುದಿರಲಿಲ್ಲ. ರಸ್ತೆಯುದ್ದಕ್ಕೂ ಸರಕಾರದ ದುಷ್ಕಾಳದ ಕೆಲಸ ನಡೆದಿತ್ತು. ಹೆಂಗಸರು ಗಂಡಸರು ಸಾಲಾಗಿ ಕೂತು ರಸ್ತೆಗೆ ಹಾಕುವ ಜಲ್ಲಿಕಲ್ಲು, ಖಡಿ, ಒಡೆಯುತ್ತಿದ್ದರು. ಅಂಥದರಲ್ಲೂ ಏಪ್ರಿಲ್ ಹೊತ್ತಿಗೆ ಹುಲಗಲ ಚಿಗುರಿ ಮೊಗ್ಗು ಹಿಡಿಯಿತು. ಬಾಯಿ ಬಹಳ ಹುರುಪಿನಲ್ಲಿದ್ದರು. ನೀರಿಲ್ಲದ ವರ್ಷ ಗಿಡ ಏನು ಮಾಡುತ್ತದೆ ಎಂಬುದು ಮತ್ತೊಮ್ಮೆ ನೋಡಲು ಸಿಗದ ಸಂಗತಿ ಎನ್ನುತ್ತಿದ್ದರು. ಅಷ್ಟರಲ್ಲಿ ಮರವಡೆಯಿಂದ ಅವರ ಅವ್ವ ಮೆಟ್ಟಿಲಿಂದ ಬಿದ್ದ ಸುದ್ದಿ ಬಂತು. ಸೊಂಟದ ಎಲುಬು ಮುರಿದಿತ್ತು. ಆ ವಯಸ್ಸಿಗೆ ಕೂಡುವ ಎಲುಬಲ್ಲ ಅದು.

ಹೊರಡುವ ಮುಂಜಾನೆ ಬಾಯಿ ನಮ್ಮ ಮನೆಗೆ ಬಂದರು. ವಹಿ, ದಾರದ ಉಂಡೆ, ಒಂದು ಭೂತಗನ್ನಡಿ, ದಾಡಿ ಬ್ಲೇಡಿನ ಒಂದು ಪಾಕೀಟು ನನ್ನ ಕೈಗಿಟ್ಟರು. ಬಿಡಿಸಿ ಬಿಡಿಸಿ ಹೇಳಿದ್ದು ಒಂದೇ ಮಾತು. ಎಳೆಗಾಯಿ ಕಟ್ಟಿದಂತೆ ಕಂಡರೆ ಇಪ್ಪತ್ತಕ್ಕೆ ಒಂದನ್ನು ಕೊಯ್ದು ಒಳಗೆ ನೋಡಬೇಕು, ಬೀಜ ಇದೆಯೋ ಇಲ್ಲವೋ ಎಂದು.

‘ಹೊರಗಿನಿಂದ ಎಲ್ಲಾ ಕಾಯೀನ ಕಾಣ್ತಾವ. ಕೊಯ್ದ ನೋಡ್ರಿ.’

ನೋಡುತ್ತೇನೆ ಎಂದೆ. ಕಾಲೇಜಿಗೆ ಸೂಟಿ ಬಿದ್ದಿತ್ತು. ಗುರುವಾರ ಅಕ್ಕಲಕೋಟೆಗೆ ಸ್ವಾಮಿಗಳ ದರ್ಶನಕ್ಕೆ ಹೋಗುವವರ ನೂಕುನುಗ್ಗಲು. ಅದಕ್ಕೆ ಮಂಗಳವಾರ, ಶುಕ್ರವಾರ ಮೊದಲ ಬಸ್ಸು ಹಿಡಿಯುತ್ತಿದ್ದೆ. ಕಂಡಕ್ಟರು ಊರಿಗೆ ಮೊದಲೇ ಇಳಿಸುವನು. ಮೊದಲ ಹದಿನೈದು ದಿನ ಎಲ್ಲವನ್ನೂ ಸರಿಯಾಗಿಯೇ ಮಾಡಿದೆ. ಮೊಗ್ಗು ಎಣಿಸಿದೆ, ಹೂ ಎಣಿಸಿದೆ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಬಿದ್ದವನ್ನು ಎಣಿಸಿದೆ. ಮೇ ತಿಂಗಳ ನಡುವೆ ಮೂರು ಗಿಡಗಳಲ್ಲಿ ಹೂವಿದ್ದ ಜಾಗದಲ್ಲಿ ಹಸಿರು ಗುಂಡುಗಳು ಕಾಣಿಸಿದವು. ಒತ್ತೊತ್ತಾಗಿ, ಗೊಂಚಲು ಗೊಂಚಲಾಗಿ. ಉಳಿದ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದಾಗ ಈ ಮೂರರಲ್ಲಿ ಎಣಿಸಿ ಮುಗಿಯದಷ್ಟು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಾಯಿ ಎಷ್ಟೋ ವರ್ಷದಿಂದ ಹುಡುಕುತ್ತಿದ್ದದ್ದು ನನ್ನ ಕಣ್ಣಿಗೆ ಬಿದ್ದಿದೆ ಎಂದುಕೊಂಡೆ.

ಆದರೆ ಕೊಯ್ಯಲಿಲ್ಲ. ಸುಳ್ಳೇಕೆ, ಬಿಸಿಲು ಬೆಂಕಿಯಂತಿತ್ತು. ಏಣಿಯ ಮೇಲೆ ಒಂದು ಕೈಯಲ್ಲಿ ಟೊಂಗೆ ಹಿಡಿದು ಇನ್ನೊಂದು ಕೈಯಲ್ಲಿ ಬ್ಲೇಡು ಹಿಡಿಯುವುದಕ್ಕೆ ನನಗೆ ಹೆದರಿಕೆ. ಕೆಳಗೆ ಏಣಿ ಹಿಡಿಯುವವರು ಯಾರೂ ಇಲ್ಲ. ಹನ್ನೊಂದರ ಬಸ್ಸು ತಪ್ಪಿದರೆ ಮುಂದಿನದು ಮೂರಕ್ಕೆ. ಕಣ್ಣಿಗೆ ಕಾಣುವ ಕಾಯಿಯನ್ನು ಕೊಯ್ದು ಹಾಳು ಮಾಡುವುದೇಕೆ ಎಂದು ಮನಸ್ಸಿಗೆ ಒಂದು ನೆಪವನ್ನೂ ಹೇಳಿಕೊಂಡೆ. ವಹಿಯಲ್ಲಿ ‘ಕೊಯ್ದು ನೋಡಿದ್ದು’ ಎಂದು ಬಾಯಿ ಗೆರೆ ಎಳೆದಿಟ್ಟ ಕಾಲಮ್ಮಿತ್ತು. ಅದರಲ್ಲಿ ಗುರುತು ಹಾಕುತ್ತ ಹೋದೆ. ಹನ್ನೆರಡೂ ಗಿಡಕ್ಕೆ. ಕಾಳಿನ ಮೂಟೆ ಎಣಿಸುವಾಗ ಒಂದೂ ತಪ್ಪಿಸಬಾರದೆಂದು ಕಲಿತ ಮನೆಯ ಮಗಳು ನಾನು.

ಜೂನ್ ಮೊದಲಲ್ಲಿ ಅವ್ವ ತೀರಿಕೊಂಡಳು. ಉತ್ತರಕ್ರಿಯೆ ಮುಗಿಸಿ ಬಾಯಿ ಬಂದಾಗ ಅರ್ಧ ಇಳಿದುಹೋಗಿದ್ದರು. ನಾನು ವಹಿಯನ್ನೂ ಸಾಮಾನನ್ನೂ ಒಪ್ಪಿಸಿ ಆ ಮೂರು ಗಿಡಗಳ ಪುಟ ತೆರೆದು ತೋರಿಸಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಹಾಗೆ ಯಾರನ್ನೂ ಮುಟ್ಟುವವರಲ್ಲ ಅವರು.

ಅಲ್ಲಿಂದ ಮುಂದೆ ಎಲ್ಲವೂ ಬೇಗ ಬೇಗ ಆಯಿತು. ಬರದ ವರ್ಷವೂ ಮಿಕ್ಕವುಗಳಿಗಿಂತ ಹಲವು ಪಟ್ಟು ಕಾಯಿ ಕಟ್ಟಿದ ಮೂರು ಗಿಡ! ಪುಣೆಯ ಮಾರ್ಗದರ್ಶಕರು ಮರುಟಪಾಲಿಗೇ ಉತ್ತರ ಬರೆದು, ಪ್ರಬಂಧವನ್ನು ಬರುವ ಮಾರ್ಚಿನೊಳಗೆ ಒಪ್ಪಿಸಿಬಿಡಿ ಎಂದರು. ನಮ್ಮ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಾಗುವುದಿತ್ತು; ಡಾಕ್ಟರೇಟ್ ಇದ್ದರೆ ಅದು ಬಾಯಿಗೇ ಎಂದು ಪ್ರಾಚಾರ್ಯರು ಸ್ಪಷ್ಟವಾಗಿಯೇ ಹೇಳಿದ್ದರು. ಸಸಿತೋಟದ ಅಧಿಕಾರಿಯೊಬ್ಬರು ಸುದ್ದಿ ಕೇಳಿ ಬಂದು, ಆ ಮೂರು ಗಿಡಗಳ ಬೀಜವನ್ನೇ ಕೊಡಿ, ಸಸಿ ಮಾಡಿ ರಸ್ತೆಗಳಿಗೆಲ್ಲ ಹಚ್ಚೋಣ ಎಂದರು. ಹುಲಗಲದ ಕಾಯಿ ಬಲಿಯಲು ಹತ್ತು ತಿಂಗಳು ಬೇಕು. ಮಾಘ ಮಾಸದವರೆಗೆ ಕಾಯಬೇಕಿತ್ತು. ನಡುವೆ ದಸರೆಯಲ್ಲಿ ಒಮ್ಮೆ ಹೋಗಿ ಬಂದ ಬಾಯಿ, ಆ ಗಿಡಗಳಲ್ಲಿ ಕಾಯಿ ತೆಳುವಾಗಿವೆ, ಗಾಳಿಮಳೆಗೆ ಉದುರಿರಬೇಕು ಎಂದರು. ‘ನೋಡಬೇಕು’ ಎನ್ನಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಬೀಜ ಆರಿಸಲು ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಮೂರು ಗಿಡಗಳ ಕೆಳಗೆ ನಿಂತರೆ ಮೇಲೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಎದುರಿನ ಸಾಮಾನ್ಯ ಗಿಡದಲ್ಲಿ ಇವಕ್ಕಿಂತ ಹೆಚ್ಚು ಕಾಯಿ. ಬಾಯಿ ಏಣಿ ಹತ್ತಿ, ದಾರ ಕಟ್ಟಿದ ಟೊಂಗೆಗಳನ್ನು ಒಂದೊಂದಾಗಿ ಎಣಿಸಿ ಇಳಿದರು. ಅಷ್ಟರಲ್ಲಿ ಮಾಳವ್ವ ಬಂದಳು. ಅವಳು ಹುಲಜಂತಿ ಕಡೆಯಿಂದ ಕೊಟ್ಟು ತಂದ ಹೆಣ್ಣು, ಇಲ್ಲಿ ಹತ್ತಿರದ ಹಳ್ಳಿಯಲ್ಲಿ ಕುರಿ ಕಾಯುವ ಮನೆಯವಳು. ಹಣೆಗೆ ದಪ್ಪಗೆ ಭಂಡಾರ, ದೇವರ ಅರಿಶಿನ. ಪ್ರತಿ ವರ್ಷ ಈ ಸಾಲಿನ ಗಿಡಗಳ ಬೀಜ ಆಯುವವಳು ಅವಳೇ. ಬಾಯಿಗೆ ಹಳೆಯ ಪರಿಚಯ.

ಬಾಯಿ ಅವಳನ್ನು ಕೇಳಿದರು, ಈ ಮೂರು ಗಿಡದ ಕಾಯಿ ಏನಾದವು, ಯಾರಾದರೂ ಮೊದಲೇ ಬಡಿದುಕೊಂಡು ಹೋದರೇ ಎಂದು.

‘ಕಾಯಿ ಎಲ್ಲಿದ್ವು ಅವ್ವಾರ? ಹ್ವಾದ ಬ್ಯಾಸಗ್ಯಾಗ ಇವಕ್ಕ ಬರೇ ಹುಳದ ಮನಿ ಆಗಿದ್ವು.’

ಅವಳು ಬಗ್ಗಿಸಿದ ಟೊಂಗೆಯ ತುದಿಯಲ್ಲಿ ಒಣಗಿ ಕಪ್ಪಾದ ಒಂದು ಗುಂಡು ಇನ್ನೂ ಅಂಟಿಕೊಂಡಿತ್ತು. ಅದನ್ನು ಕಿತ್ತು ಉಗುರಿನಿಂದ ಒಡೆದು ಅಂಗೈಯಲ್ಲಿ ಹಿಡಿದಳು. ಒಳಗೆ ಪೊಳ್ಳು, ಬದಿಯಲ್ಲಿ ಸೂಜಿಮೊನೆಯಷ್ಟು ತೂತು, ನೊಣದಂಥ ಸಣ್ಣ ಹುಳ ಹಾರಿಹೋದ ದಾರಿ. ಅದು ಮೊಗ್ಗಿನಲ್ಲಿ ಮೊಟ್ಟೆ ಇಟ್ಟರೆ ಹೂವಾಗಬೇಕಾದದ್ದು ಊದಿ ಗಂಟಾಗುತ್ತದೆ. ನೋಡುವವರಿಗೆ ಎಳೆಗಾಯಿಯೇ. ಬಾಯಿಗೆ ಪುಸ್ತಕದಿಂದ ಇದು ಗೊತ್ತಿತ್ತು. ಆ ಹನ್ನೆರಡು ಗಿಡಗಳಲ್ಲಿ ಹಿಂದಿನ ವರ್ಷಗಳಲ್ಲಿ ಮಾತ್ರ ಕಂಡಿರಲಿಲ್ಲ.

ಮಾಳವ್ವ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ.

‘ಆಗ ನಾ ಇಲ್ಲೇ ಖಡಿ ಒಡ್ಯಾಕತ್ತಿದ್ದೆ. ಈ ಅಕ್ಕಾರು ಏಣಿ ಹತ್ತಿ ಎಣಸಾಕತ್ತಿದ್ರು. ನಾ ತಿಳದೆ, ಹುಳ ಎಷ್ಟದಾವಂತ ಸರಕಾರದವ್ರು ಎಣಸಾಕ ಹಚ್ಯಾರ ಅಂತ.’

ಬಾಯಿ ವಹಿ ತೆರೆದರು. ಮೇ ತಿಂಗಳ ಪುಟ. ಕಾಲಮ್ಮಿನ ಉದ್ದಕ್ಕೂ ನನ್ನ ಕೈಯ ಗುರುತುಗಳು ಇರುವೆಯ ಸಾಲಿನ ಹಾಗೆ ಇಳಿದಿದ್ದವು. ಅವರು ವಹಿಯನ್ನು ಮುಚ್ಚಿದರು. ಮಾಳವ್ವನ ಅಂಗೈಯಿಂದ ಆ ಗುಂಡನ್ನು ತೆಗೆದುಕೊಂಡು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಬಸ್ಸಿನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿ ಕೂತರು. ಸೋಲಾಪುರ ಬರುವವರೆಗೆ ನಾನು ಕೈಯಲ್ಲಿದ್ದ ಟಿಕೇಟನ್ನು ಮಡಿಸಿ ಬಿಚ್ಚುತ್ತ ಕೂತೆ.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಸಂಜೆ ವಿಜಾಪುರ ರಸ್ತೆಯ ಅವರ ಮನೆಗೆ ಹೋದೆ. ಬಾಯಿ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದರು. ನಿಂತಲ್ಲಿಯೇ ಹೇಳಿಬಿಟ್ಟೆ: ನಾನು ಒಂದನ್ನೂ ಕೊಯ್ಯಲಿಲ್ಲ, ಗುರುತೆಲ್ಲ ಸುಳ್ಳು ಎಂದು.

ಅವರು ಕೈಯಲ್ಲಿದ್ದ ಸೀರೆಯನ್ನು ಪೂರ್ತಿ ಮಡಿಸಿದರು.

‘ಗೊತ್ತದ. ಬ್ಲೇಡಿನ ಪಾಕೀಟು ಒಡೀಲಾರದ ಇದ್ದಂಗ ತಿರುಗಿ ಕೊಟ್ಟಿದ್ರಿ. ಜೂನಿನಾಗ ನೋಡೀನಿ.’

ಹಾಗಾದರೆ ಅಂದೇ ಏಕೆ ಕೇಳಲಿಲ್ಲ ಎಂದೆ.

‘ಅಂಕಿ ಚಲೋ ಇದ್ದವು,’ ಎಂದರು. ತಂತಿಯಿಂದ ಇನ್ನೊಂದು ಸೀರೆ ಎಳೆದುಕೊಂಡು, ‘ಅವ್ವ ಹೋಗಿದ್ಲು. ಏನರೆ ಒಂದು ಚಲೋ ಆಗಬೇಕಾಗಿತ್ತು ನನಗ. ಅದಕ್ಕ ಕೇಳ್ಲಿಲ್ಲ.’

ಅದರ ಮೇಲೆ ಅವರು ನನ್ನನ್ನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಳಗೆ ಕರೆದು ಚಹಾ ಕೊಟ್ಟರು. ಪುಣೆಗೆ ಯಾವ ದಿನ ಹೋಗುವುದೆಂದು ಯಜಮಾನರೊಡನೆ ಮಾತಾಡಿದರು. ಇಷ್ಟು ವರ್ಷದ ಕೆಲಸ ಹಿಂದಕ್ಕೆ ಹೋಗುತ್ತದೆಂದು ಕೇಳಿದ ಆ ಮನುಷ್ಯ ಕೇಳಿದ್ದು ಒಂದೇ, ಗಿಡ ಮತ್ತೆ ಹೂ ಬಿಡುವುದು ಯಾವಾಗ ಎಂದು. ಏಪ್ರಿಲ್ ಎಂದರು ಬಾಯಿ. ಹಾಗಾದರೆ ಸ್ಕೂಟರಿನ ಟೈರು ಬದಲಿಸಿಬಿಡುತ್ತೇನೆ ಎಂದು ಎದ್ದುಹೋದರು.

ಪುಣೆಗೆ ನಾನೂ ಬರುತ್ತೇನೆಂದು ಹಟ ಹಿಡಿದೆ. ತಪ್ಪು ನನ್ನದು, ನಾನೇ ಹೇಳುತ್ತೇನೆ ಎಂದು ರೈಲಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮಾರ್ಗದರ್ಶಕರು ಒಳ್ಳೆಯವರು. ಬಾಯಿ ಕರವಸ್ತ್ರ ಬಿಚ್ಚಿ ತೋರಿಸಿದಾಗ ಹಣೆ ಒತ್ತಿಕೊಂಡರು, ಆಮೇಲೆ ದಾರಿಯನ್ನೂ ತೋರಿಸಿದರು: ಆ ಮೂರು ಗಿಡ ಬಿಟ್ಟುಬಿಡಿ, ಒಂಬತ್ತು ಉಳಿಯುತ್ತವೆ, ಪ್ರಬಂಧಕ್ಕೆ ಅಷ್ಟು ಸಾಕು, ಮಾರ್ಚಿಗೆ ಮುಗಿಯುತ್ತದೆ. ಬಾಯಿ ಬೇಡವೆಂದರು. ಮೂರರಲ್ಲಿ ಹುಳವಿತ್ತೆಂದು ಈಗ ಗೊತ್ತಾಯಿತು, ಉಳಿದ ಒಂಬತ್ತರಲ್ಲಿ ಎಷ್ಟಿತ್ತೆಂದು ಗೊತ್ತಿಲ್ಲ, ಕೊಯ್ದು ನೋಡಿಲ್ಲ, ಆ ಬೇಸಿಗೆಯ ಒಂದು ಅಂಕಿಯೂ ನಿಲ್ಲುವುದಿಲ್ಲ ಎಂದರು. ನಾನು ಮಾತಾಡಲು ಮುಂದೆ ಸರಿದೆ. ಬಾಯಿ ನನ್ನತ್ತ ನೋಡದೆಯೇ ಮರಾಠಿಯಲ್ಲಿ ಹೇಳಿ ಮುಗಿಸಿದರು: ವಹಿ ನನ್ನದು, ಎಣಿಕೆ ನನ್ನದು, ತಪ್ಪೂ ನನ್ನದು. ಹೊರಗೆ ಬಂದ ಮೇಲೆ ನಾನು ಅತ್ತೆ. ಅವರು ಬಸ್ಸಿನ ನಂಬರು ಹುಡುಕುತ್ತ ನಿಂತಿದ್ದರು.

ಮಾರ್ಚ್ ಹೋಯಿತು. ಮುಖ್ಯಸ್ಥರ ಜಾಗಕ್ಕೆ ಹೊರಗಿನಿಂದ ಡಾಕ್ಟರೇಟ್ ಆದ ತರುಣರೊಬ್ಬರು ಬಂದರು. ಸಸಿತೋಟದವರಿಗೆ ಬಾಯಿ ತಾವೇ ಪತ್ರ ಬರೆದು, ಬೀಜ ಕೊಡುವುದಿಲ್ಲ, ನಾವು ಎಣಿಸಿದ್ದು ತಪ್ಪು ಎಂದು ತಿಳಿಸಿದರು. ಕಾಲೇಜಿನಲ್ಲಿ ಮಾತು ಹರಡಿತು. ಹೂ ಎಣಿಸಿ ಹುಳ ತಂದ ಬಾಯಿ ಎಂದು ಹಿಂದಿನಿಂದ ನಗುವವರಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಎದ್ದು ನಿಂತು ನಿಜ ಹೇಳಬೇಕಿತ್ತು. ಹೇಳಲಿಲ್ಲ. ನೌಕರಿಯಲ್ಲಿ ಹೊಸದಾಗಿ ಕಾಯಂ ಆಗಿದ್ದೆ, ಗಣಿತದವಳು, ಲೆಕ್ಕದಲ್ಲಿ ಸುಳ್ಳು ಬರೆದೆನೆಂದು ಹೇಗೆ ಹೇಳಲಿ. ಹೊಸ ಮುಖ್ಯಸ್ಥರ ಕೈಕೆಳಗೆ ಬಾಯಿ ಅದೇ ಬೂಟಿನಲ್ಲಿ, ಅದೇ ಗಡಿಯಾರದಲ್ಲಿ ಪಾಠಕ್ಕೆ ಹೋಗಿ ಬರುತ್ತಿದ್ದರು.

ಏಪ್ರಿಲ್ ಬಂದಾಗ ನಾನು ಕರೆಯದೆಯೇ ಮೊದಲ ಬಸ್ಸಿಗೆ ನಿಂತಿದ್ದೆ. ಬಾಯಿ ಸ್ಕೂಟರಿನಲ್ಲಿ ಹಾದುಹೋಗುವಾಗ ನನ್ನನ್ನು ಕಂಡು ಕೈಯೆತ್ತಿದರು. ಆ ಬೇಸಿಗೆ, ಅದರ ಮುಂದಿನದು, ಅದರ ಮುಂದಿನದು, ಮೂರೂ ಬೇಸಿಗೆ ಕೊಯ್ಯುವ ಕೆಲಸ ನನ್ನದೇ. ಇಪ್ಪತ್ತಕ್ಕೊಂದಲ್ಲ, ಹತ್ತಕ್ಕೊಂದು ಕೊಯ್ದೆ. ಯಜಮಾನರು ಏಣಿ ಹಿಡಿದರು. ನನ್ನ ಹೆಬ್ಬೆರಳ ಮೇಲೆ ಗೆರೆ ಗೆರೆಯಾಗಿ ಗಾಯ, ಮೇಲೆ ಹುಲಗಲದ ಎಣ್ಣೆ. ಹುಳವಿರುವ ಗಂಟು ಬ್ಲೇಡು ತಾಗುವಾಗಲೇ ತಿಳಿಯುತ್ತದೆ, ಸದ್ದು ಬೇರೆ. ಅದು ನನಗೆ ತಿಳಿದದ್ದು ಎರಡನೆಯ ಬೇಸಿಗೆಯಲ್ಲಿ. ಹೇಳಿದಾಗ ಬಾಯಿ ವಹಿಯ ಅಂಚಿನಲ್ಲಿ ನನ್ನ ಮಾತನ್ನು ಕನ್ನಡದಲ್ಲಿ ಬರೆದುಕೊಂಡು ಪಕ್ಕದಲ್ಲಿ ‘ನೋಡಬೇಕು’ ಎಂದು ಹಾಕಿದರು. ಮಾಳವ್ವನ ಮಾತಿನ ಪಕ್ಕದಲ್ಲಿ ಮಾತ್ರ ಈಗ ಆ ಗುರುತು ಇರುತ್ತಿರಲಿಲ್ಲ. ಅವಳು ಹೇಳಿದ್ದನ್ನು ಬರೆದು, ಕೆಳಗೆ ಅವಳ ಹೆಸರು ಬರೆಯುತ್ತಿದ್ದರು.

ಮೂರನೆಯ ಬೇಸಿಗೆ ಬಾಯಿ ಒಂದು ಹೊಸ ಕೆಲಸ ಮಾಡಿದರು. ಪ್ರತಿ ಗಿಡದ ಎರಡು ಟೊಂಗೆಗಳಲ್ಲಿ ಅರ್ಧದಷ್ಟು ಹೂವನ್ನು ಅರಳುವ ಮೊದಲೇ ಚಿವುಟಿ ಹಾಕಿದರು. ಮರುವರ್ಷ ಕಾಯಿ ಎಣಿಸಿದಾಗ ಚಿವುಟಿದ ಟೊಂಗೆಗೂ ಬಿಟ್ಟ ಟೊಂಗೆಗೂ ಹೆಚ್ಚು ಕಡಿಮೆ ಅಷ್ಟೇ ಕಾಯಿ. ಜೇನು ಮುಟ್ಟದೆ ಉದುರುವವು ಕೆಲವು, ಹುಳಕ್ಕೆ ಹೋಗುವವು ಕೆಲವು. ಎಲ್ಲ ಕಳೆದ ಮೇಲೂ ಗಿಡ ತಾನು ಸಾಕಬಲ್ಲಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಕೈಬಿಡುತ್ತದೆ. ಲೋಕ ಬೆರಗಾಗುವಂಥ ಶೋಧವೇನಲ್ಲ ಅದು. ಎಣ್ಣೆಯ ವ್ಯಾಪಾರಿಗಳಿಗೆ ಬೇಕಾದ ಉತ್ತರವೂ ಅಲ್ಲ. ಆದರೆ ಅಂದು ಗಿಡದ ಕೆಳಗೆ ಬುತ್ತಿ ಬಿಚ್ಚುವಾಗ ಬಾಯಿ, ಅವ್ವ ಇದ್ದಿದ್ದರೆ ಅಂಗಳದಲ್ಲಿ ಕೂಡಿಸಿ ಹೇಳಬಹುದಿತ್ತು ಎಂದರು. ಹಿತ್ತಲಿನ ಆ ಸಂಜೆಯ ನಂತರ ಅವ್ವನ ಮಾತನ್ನು ಅವರು ಎತ್ತಿದ್ದು ನಾನು ಕೇಳಿದಂತೆ ಅದೊಂದೇ ಸಲ.

ಪ್ರಬಂಧ ಮುಗಿದು ಅವರು ಡಾಕ್ಟರರಾದಾಗ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಆ ಪದವಿಯಿಂದ ಅವರಿಗೆ ಏನೂ ಸಿಗಲಿಲ್ಲ. ಪ್ರಬಂಧದಲ್ಲಿ ಬರದ ವರ್ಷದ ಕೋಷ್ಟಕವಿರಬೇಕಾದ ಜಾಗದಲ್ಲಿ ಎರಡು ಸಾಲು ಇವೆ: ಈ ವರ್ಷ ಕಾಯಿಯನ್ನೂ ಹುಳಗಂಟನ್ನೂ ಬೇರ್ಪಡಿಸಿ ಎಣಿಸಲಾಗಲಿಲ್ಲ, ಆದ್ದರಿಂದ ಅಂಕಿಗಳನ್ನು ಕೊಟ್ಟಿಲ್ಲ. ಬೇರೆ ಯಾರ ಹೆಸರೂ ಅಲ್ಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಅವರ ಬೀಳ್ಕೊಡುಗೆಯಾಯಿತು. ಕಾಲೇಜಿನ ಸಭಾಗೃಹ ತುಂಬಿತ್ತು. ಯಜಮಾನರು ಮುಂದಿನ ಸಾಲಿನಲ್ಲಿ ಹೊಸ ಟೋಪಿ ಹಾಕಿ ಕೂತಿದ್ದರು. ಪ್ರಾಚಾರ್ಯರು ಮರಾಠಿಯಲ್ಲಿ ಬಹಳ ಚೆನ್ನಾಗಿ ಮಾತಾಡಿದರು. ಈ ಬಾಯಿಯ ಕೈಯಲ್ಲಿ ಇಷ್ಟು ವರ್ಷದಲ್ಲಿ ಒಂದು ಎಣಿಕೆಯೂ ತಪ್ಪಿದ್ದಿಲ್ಲ ಎಂದರು. ಮೆಚ್ಚಿ ಆಡಿದ ಮಾತು, ಹಿಂದಿನದು ಅವರಿಗೆ ಮರೆತಿರಬೇಕು. ಬಾಯಿ ಎದ್ದು ಮೈಕಿನ ಹತ್ತಿರ ಬಂದು, ಮರಾಠಿಯಲ್ಲೇ, ಒಂದು ವರ್ಷ ತಪ್ಪಿದ್ದೇನೆ, ಬರದ ವರ್ಷ, ಅದು ಎಲ್ಲರಿಗೂ ಗೊತ್ತಿರುವುದೇ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು.

ನಾನು ಎದ್ದು ನಿಂತೆ. ಅದಕ್ಕಾಗಿ ತಯಾರಾಗಿ ಬಂದವಳಲ್ಲ. ಆ ವರ್ಷ ಎಣಿಸಿದವಳು ನಾನು, ಬಾಯಿ ಆಗ ಸಾಯುತ್ತಿದ್ದ ತಾಯಿಯ ಹತ್ತಿರವಿದ್ದ‍ರು, ಕೊಯ್ದು ನೋಡದೆ ಕೊಯ್ದೆನೆಂದು ಬರೆದವಳು ನಾನು ಎಂದು ಹೇಳಿದೆ. ಆರು ವರ್ಷ ನುಂಗಿಕೊಂಡಿದ್ದದ್ದು ನಾಲ್ಕು ವಾಕ್ಯದಲ್ಲಿ ಮುಗಿಯಿತು. ನನ್ನ ವಿಭಾಗದವರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು. ಪ್ರಾಚಾರ್ಯರು ಮುಂದೇನು ಮಾಡಬೇಕೆಂದು ತಿಳಿಯದೆ ಹಾರವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

ಬಾಯಿ ಇನ್ನೂ ಮೈಕಿನ ಹತ್ತಿರವೇ ಇದ್ದರು. ಅಷ್ಟು ಹೊತ್ತು ಮರಾಠಿ ಆಡಿದವರು ಈಗ ನನ್ನನ್ನೇ ನೋಡುತ್ತ, ನನಗೊಬ್ಬಳಿಗೇ ಎಂಬಂತೆ ಕನ್ನಡದಲ್ಲಿ ಹೇಳಿದರು.

‘ತಪ್ಪು ಎಣಿಸಿದ್ದು ಒಂದು ಬೇಸಿಗಿ. ಆಮ್ಯಾಲೆ ಮೂರು ಬೇಸಿಗಿ ಬಂದು ಒಂದೊಂದ ಕೊಯ್ದ ನೋಡೀರಿ. ಒಂದು ಹೇಳಿ ಮೂರು ಬಿಡಬ್ಯಾಡ್ರಿ. ಅದೂ ತಪ್ಪು ಎಣಿಕೀನ.’

ಕನ್ನಡ ಬಾರದವರು ಪಕ್ಕದವರ ಕಡೆ ಬಾಗಿ, ಏನಂದರು ಏನಂದರು ಎಂದು ಕೇಳತೊಡಗಿದರು. ಆ ಗುಜುಗುಜು ಸಾಲಿನಿಂದ ಸಾಲಿಗೆ ಹಿಂದೆ ಹೋಗುತ್ತಿತ್ತು. ಅರ್ಥ ಹೇಳಿಸಿಕೊಂಡ ಒಬ್ಬೊಬ್ಬರೂ ನನ್ನತ್ತ ತಿರುಗುತ್ತಿದ್ದರು. ನಾನು ತಲೆ ತಗ್ಗಿಸದೆ ನಿಂತಿದ್ದೆ.